ಜೀರುಂಡೆ ಕಾರಿನ ಬೆಚ್ಚನೆಯ ಉಸಿರು

ಹಳೆಯ ಮೋಟಾರು ಕಾರೊಂದನ್ನು ಕೊಂಡು ಅದಕ್ಕೆ ಮೊದಲಿನ ರೂಪವನ್ನು ತಂದುಕೊಡಲು ಹೊರಟವರು ಮೊದಲು ಎಂಜಿನನ್ನು ನೋಡುತ್ತಾರೆ. ಅನಂತರ ಬಣ್ಣವನ್ನೂ ಆಸನಗಳನ್ನೂ ಗಮನಿಸುತ್ತಾರೆ. ಒಳಗೆ ಕುಳಿತವರನ್ನು ಬೆಚ್ಚಗಿಡುವ ಹೀಟರಿನ ಸರದಿ ಬರುವುದು ಎಲ್ಲಕ್ಕೂ ಕಡೆಯಲ್ಲಿ. ಆದರೆ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ವಿಷಯದಲ್ಲಿ ಈ ಕ್ರಮ ಸಲ್ಲದು. ಅದರ ಹೀಟರು ಬರಿಯ ಸೌಕರ್ಯದ ಸಾಧನವಲ್ಲ. ಕಾರಿನ ಎಲುಬಿಗೂ ಸವಾರನ ಉಸಿರಿಗೂ ಅದರೊಡನೆ ನೇರವಾದ ಸಂಬಂಧವುಂಟು.

ಜರ್ಮನಿಯ ಜನರು ತಮ್ಮ ಮಾತಿನಲ್ಲಿ ‘ಜೀರುಂಡೆ’ ಎಂದೇ ಕರೆದ ಈ ಕಾರು, 2003ರ ಜುಲೈಯಲ್ಲಿ ಮೆಕ್ಸಿಕೋ ದೇಶದ ಪ್ವೆಬ್ಲಾ ಕಾರ್ಖಾನೆಯಿಂದ ಕೊನೆಯದಾಗಿ ಹೊರಬರುವ ವೇಳೆಗೆ 2 ಕೋಟಿ 15 ಲಕ್ಷಕ್ಕೂ ಮಿಕ್ಕಿ ತಯಾರಾಗಿತ್ತು. ಇದರ ಎಂಜಿನು ಹಿಂಭಾಗದಲ್ಲಿದೆ. ಅದನ್ನು ತಣಿಸಲು ನೀರಿಲ್ಲ, ಗಾಳಿಯೇ ಗತಿ. ಬೇರೆ ಕಾರುಗಳಲ್ಲಿ ಎಂಜಿನಿನ ಬಿಸಿನೀರು ಹೀಟರಿಗೂ ಒದಗುತ್ತದೆ. ಇಲ್ಲಿಯಾದರೋ ಎಂಜಿನು ಕಕ್ಕುವ ಹೊಗೆಯ ಕೊಳವೆಗೆ ತಗಡಿನ ಕವಚವೊಂದನ್ನು ತೊಡಿಸಿ, ಅದರೊಳಗೆ ಫ್ಯಾನಿನ ಗಾಳಿಯನ್ನು ಹಾಯಿಸುತ್ತಾರೆ. ಹೀಗೆ ಕಾದ ಗಾಳಿ ಎರಡೂ ಬಾಗಿಲುಗಳ ಹೊಸ್ತಿಲೊಳಗಿನ ಟೊಳ್ಳಿನಲ್ಲಿ ಹರಿದು ಕಾಲಿನ ಬಳಿಗೂ ಮುಂಗಾಜಿಗೂ ಬರುತ್ತದೆ. 1962ರ ಕೊನೆಯವರೆಗೂ ಸಿಲಿಂಡರುಗಳನ್ನು ತಣಿಸಿದ ಗಾಳಿಯೇ ಒಳಕ್ಕೆ ಬರುತ್ತಿದ್ದುದರಿಂದ ಎಣ್ಣೆಯ ವಾಸನೆಯೂ ಜೊತೆಗೂಡುತ್ತಿತ್ತು. ಶುದ್ಧ ಗಾಳಿಯ ಏರ್ಪಾಡು ಬಂದುದು ಆಮೇಲೆ.

ಶಾಖ ಬಾರದಿದ್ದರೆ ಮೊದಲು ಕೇಬಲ್ಲನ್ನು ಪರೀಕ್ಷಿಸಬೇಕು. ಮುಂದಿನ ಆಸನಗಳ ನಡುವಿನಿಂದ ಹೊರಟು ಹಿಂದಿನ ಕವಾಟಗಳನ್ನು ತೆರೆಯುವ ಈ ತಂತಿ, ತೇವದಿಂದ ತುಕ್ಕು ಹಿಡಿದು ಕೊಳವೆಯೊಳಗೇ ಕಚ್ಚಿಕೊಳ್ಳುವುದುಂಟು. ಕೊಳವೆಯನ್ನು ಶುಚಿಮಾಡಿ, ಗ್ರೀಸು ಸವರಿದ ಹೊಸ ತಂತಿಯನ್ನು ಹಾಯಿಸಬೇಕು. ಕವಾಟದ ಕೀಲು ಬಿಗಿದಿದ್ದರೆ ಬಲಪ್ರಯೋಗ ಕೂಡದು. ತುಕ್ಕು ಬಿಡಿಸುವ ಎಣ್ಣೆಯಲ್ಲಿ ನೆನೆಯಿಟ್ಟು ಮೆಲ್ಲನೆ ಆಡಿಸಿದರೆ ಅದು ಸಡಿಲುತ್ತದೆ.

ಇನ್ನು ಕವಚದ ಮಾತು. ಹೊರಗಿನ ತಗಡು ತೂತಾದರೆ ಬಿಸಿಗಾಳಿ ಪೋಲಾಗುತ್ತದೆ, ಅಷ್ಟೆ, ತೇಪೆ ಹಾಕಬಹುದು. ಒಳಗಿನ ಹೊಗೆಕೊಳವೆಯೇ ತೂತಾದರೆ ಕಾರ್ಬನ್ ಮಾನಾಕ್ಸೈಡ್ ಅನಿಲ ಬೆಚ್ಚನೆಯ ಗಾಳಿಯೊಡನೆ ಸವಾರನ ಬಳಿಗೆ ಸಾಗಿಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚಾಗಿ ಈ ವಿಷಾನಿಲಕ್ಕೆ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ಮಂಪರು ಬಂದು, ಚಳಿಗೆ ಗಾಜು ಏರಿಸಿ ಕುಳಿತವನಿಗೆ ಕಾರಣ ತಿಳಿಯುವ ಮುನ್ನವೇ ಪ್ರಜ್ಞೆ ತಪ್ಪಬಹುದು. ಆದ್ದರಿಂದ ಇಂಥ ಕೊಳವೆಗೆ ತೇಪೆಯ ಉಪಾಯ ಬೇಡ. ಇಡೀ ಭಾಗವನ್ನೇ ಬದಲಿಸುವುದು ಲೇಸು. ಕೊಳ್ಳುವಾಗ ಒಳಗೆ ಅಲ್ಯೂಮಿನಿಯಂ ರೆಕ್ಕೆಗಳಿವೆಯೇ ಎಂದು ನೋಡಬೇಕು. ಗಾಳಿಗೆ ಶಾಖವನ್ನು ದಾಟಿಸುವುದು ಅವೇ.

ಕೊನೆಯದು, ಎಲ್ಲಕ್ಕಿಂತ ಕಷ್ಟದ್ದು, ಹೊಸ್ತಿಲು. ಬಿಸಿಗಾಳಿಯ ದಾರಿಯಾದ ಆ ಟೊಳ್ಳೇ ಕಾರಿನ ಮೈಯನ್ನು ಹೊರುವ ತೊಲೆಯೂ ಹೌದು. ಮೈಯನ್ನು ಅಡಿಚೌಕಟ್ಟಿಗೆ ಬಿಗಿಯುವ ಬೋಲ್ಟುಗಳು ಕೂರುವುದು ಅಲ್ಲಿಯೇ. ಒಳಗಿನಿಂದ ತುಕ್ಕು ತಿಂದು ಹೊರಗೆ ಬಣ್ಣ ಮಾತ್ರ ಉಳಿದಿರುವ ಹೊಸ್ತಿಲುಗಳು ಅಪರೂಪವಲ್ಲ. ಅವಸರಪಟ್ಟು ಅದನ್ನು ಕತ್ತರಿಸಿದರೆ ಮೈ ಬಾಗಿ, ಬಾಗಿಲುಗಳು ಮತ್ತೆ ಕೂರದೆ ಹೋಗುತ್ತವೆ. ಬಲ್ಲ ಕುಶಲಕರ್ಮಿ ಮೊದಲು ಬಾಗಿಲ ಚೌಕಗಳಿಗೆ ಕಬ್ಬಿಣದ ಆಧಾರಗಳನ್ನು ಬೆಸೆದು, ಒಂದು ಪಕ್ಕದ ಕೆಲಸ ಮುಗಿದ ಮೇಲೆಯೇ ಇನ್ನೊಂದಕ್ಕೆ ಕೈಹಾಕುತ್ತಾನೆ. ವೆಲ್ಡಿಂಗ್ ಪೂರೈಸುವ ಮುನ್ನ ಬಾಗಿಲನ್ನು ತೂಗಿಸಿ ಸಂದುಗಳನ್ನು ಅಳೆಯುತ್ತಾನೆ.

ಎಲ್ಲವನ್ನೂ ಜೋಡಿಸಿದ ಮೇಲೆ ಬಯಲಿನಲ್ಲಿ ಎಂಜಿನನ್ನು ಓಡಿಸಿ, ಹೊಗೆಕೊಳವೆಯ ಕೀಲುಗಳಲ್ಲಿ ಬುಸುಗುಟ್ಟುವ ಸದ್ದಿದೆಯೇ ಎಂದು ಆಲಿಸಬೇಕು. ಈ ಅನಿಲವನ್ನು ಕಂಡೊಡನೆ ಕೂಗಿಕೊಳ್ಳುವ ಪುಟ್ಟ ಯಂತ್ರಗಳು ಈಗ ದೊರೆಯುತ್ತವೆ. ಹೊಸ ಬಣ್ಣಕ್ಕೆ ಹಣ ತೆಗೆದಿಡುವ ಮೊದಲು ಅಂಥದೊಂದನ್ನು ಕಾರಿನೊಳಗೆ ಇರಿಸಿಕೊಳ್ಳುವುದು ಜಾಣತನ.