ಚಾಕು ಯಾರ ಮೇಲೆ? ಹೇಳಿ ನೋಡೋಣ!

ಮದುವೆಯ ಮೊದಲ ರಾತ್ರಿ. ಗಂಡ ನ್ಯೂಯಾರ್ಕ್ ಮಾಫಿಯಾದ ಮುಂದಿನ ದೊರೆ. ಬರಿಗೈಯಲ್ಲಿ ಒಬ್ಬನ ಕತ್ತು ಹಿಸುಕಿ ಕೊಂದವನೆಂದೇ ಹೆಸರುವಾಸಿ! ಹೆಂಡತಿ ಷಿಕಾಗೊ ಮಾಫಿಯಾದ ಮನೆಮಗಳು. ಎರಡು ಗ್ಯಾಂಗ್‌ಗಳ ರಾಜಿಗಾಗಿ ನಡೆದ ಮದುವೆ. ಬೆಳಗಾದರೆ ಹಾಸಿಗೆಯ ಮೇಲಿನ ರಕ್ತದ ಕಲೆಯನ್ನು ಬೀಗರೆಲ್ಲ ನೋಡಬೇಕು. ಆ ಮನೆತನಗಳ ಕಟ್ಟಳೆ ಅದು. ಹುಡುಗಿ ಗಡಗಡ ನಡುಗುತ್ತಿದ್ದಾಳೆ.

ಅವನು ಚಾಕು ತೆಗೆದ!

ಯಾರ ಮೇಲೆ? ಊಹಿಸಿ!

ತನ್ನದೇ ತೋಳಿನ ಮೇಲೆ! ತೋಳು ಕೊಯ್ದುಕೊಂಡು, ತನ್ನ ರಕ್ತವನ್ನೇ ಹಾಸಿಗೆಗೆ ತೊಟ್ಟಿಕ್ಕಿಸುತ್ತಾನೆ. ಹುಡುಗಿಯನ್ನು ಬಲವಂತ ಮಾಡುವುದಿಲ್ಲ. ಬೆಳಿಗ್ಗೆ ಬೀಗರು ಕಲೆ ನೋಡಿ ತೃಪ್ತರಾಗುತ್ತಾರೆ. ಗುಟ್ಟು ಗೊತ್ತಿರುವುದು ಅವರಿಬ್ಬರಿಗೆ. ಮತ್ತೆ ನಮಗೆ!

ಇದು ಕೋರಾ ರೈಲಿ ಅವರ ‘ಬೌಂಡ್ ಬೈ ಆನರ್’, 2014ರ ಕಾದಂಬರಿ. ಮಾಫಿಯಾ ಪ್ರೇಮಕಥೆಗಳ ಹುಚ್ಚು ಹಿಡಿಯುವುದು ಎಲ್ಲಿಂದ ಅಂತ ಕೇಳಿದರೆ ನಾನು ತೋರಿಸುವುದು ಈ ಚಾಕುವನ್ನೇ. ಊರಿಗೆಲ್ಲ ಹುಲಿ. ‘ನೀನು ನನ್ನವಳು’ ಎಂದು ಗುಡುಗುವ ಪೊಸೆಸಿವ್ ಗಂಡು. ಅಂಥವನು ಒಬ್ಬಳ ಭಯಕ್ಕಾಗಿ ತನ್ನ ಮೈಯನ್ನೇ ಕೊಯ್ದುಕೊಂಡ! ಪುಸ್ತಕ ಕೆಳಗಿಡಲಾದೀತೇ?

ಸರಿ, ಇಂಥ ನಾಯಕ ಹುಟ್ಟಿದ್ದು ಯಾವಾಗ? ಊಹಿಸಿ. ‘ಗಾಡ್‌ಫಾದರ್’ ಕಾದಂಬರಿ ಬಂದ 1969? ಇನ್ನೂ ಹಿಂದೆ ಹೋಗಿ. ಇನ್ನೂ ಹಿಂದೆ!

1919! ಕಾದಂಬರಿ ‘ದಿ ಶೇಖ್’. ಅಲ್ಜೀರಿಯಾದ ಮರುಭೂಮಿಯಲ್ಲಿ ಯಾರಿಗೂ ಬಗ್ಗದ ಇಂಗ್ಲಿಷ್ ಹುಡುಗಿ ಡಯಾನಾಳನ್ನು ಅಹ್ಮದ್ ಎಂಬ ಶೇಖ್ ಹೊತ್ತೊಯ್ಯುತ್ತಾನೆ. ಬರೆದವರು ಯಾರು ಗೊತ್ತೇ? ಇಂಗ್ಲೆಂಡಿನ ಡರ್ಬಿಶೈರ್‌ನ ಒಬ್ಬ ರೈತನ ಹೆಂಡತಿ! ಇ.ಎಂ. ಹಲ್. ಗಂಡ ಮಹಾಯುದ್ಧಕ್ಕೆ ಹೋಗಿದ್ದಾಗ ಹಳ್ಳಿಮನೆಯಲ್ಲಿ ಕೂತು ಮರುಭೂಮಿಯನ್ನೇ ಎಬ್ಬಿಸಿಬಿಟ್ಟರು!

ಇನ್ನೂ ಇದೆ! 1921ರಲ್ಲಿ ಅದು ಹಾಲಿವುಡ್ ಸಿನಿಮಾ ಆಯಿತು. ಶೇಖ್ ಪಾತ್ರಕ್ಕೆ ಮುಖ ಕೊಟ್ಟವನು ಯಾವ ದೇಶದವನು?

ಇಟಲಿ! ದಕ್ಷಿಣ ಇಟಲಿಯ ಕಾಸ್ಟೆಲ್ಲನೆಟಾದಲ್ಲಿ ಹುಟ್ಟಿದ ರುಡಾಲ್ಫ್ ವ್ಯಾಲೆಂಟಿನೊ! ಇವತ್ತಿನ ಕಾದಂಬರಿಗಳ ಇಟಾಲಿಯನ್ ಡಾನ್‌ಗಳ ಮುಖದಲ್ಲಿ ನನಗೆ ಇವನೇ ಕಾಣುತ್ತಾನೆ. 1926ರಲ್ಲಿ ಸತ್ತಾಗ ಅವನಿಗೆ ಬರೀ 31. ನ್ಯೂಯಾರ್ಕ್‌ನಲ್ಲಿ ಕೊನೆಯ ದರ್ಶನಕ್ಕೆ ನೆರೆದವರು ಸುಮಾರು ಒಂದು ಲಕ್ಷ!

ಒಂದು ಮಾತು. ಆ ಶೇಖ್ ಡಯಾನಾಳ ಮೇಲೆ ಅತ್ಯಾಚಾರ ಮಾಡುತ್ತಾನೆ. ಅದನ್ನು ನಾನು ಕ್ಷಮಿಸಲಾರೆ. ಸಿನಿಮಾ ಆ ಭಾಗವನ್ನೇ ಕೈಬಿಟ್ಟಿತು. ಆದರೆ ಕಾದಂಬರಿಯ ಕೊನೆ ಓದಿ! ಪ್ರೀತಿ ಅರಿವಾದ ಮೇಲೆ ಅವಳನ್ನು ಕಳಿಸಿಕೊಡಲು ಹೊರಡುವವನು ಅವನೇ. ಹೋಗಲೊಲ್ಲದ ಅವಳು ರಿವಾಲ್ವರ್ ಎತ್ತಿ ತನ್ನ ತಲೆಗೇ ಗುರಿಯಿಡುತ್ತಾಳೆ. ಅವನು ಹಾರಿ ಕೈ ತಳ್ಳುತ್ತಾನೆ. ಗುಂಡು ಗುರಿ ತಪ್ಪುತ್ತದೆ! ಹೊತ್ತು ತಂದವನ ಕೈಯೇ ನಡುಗುವ ಗಳಿಗೆ ಅದು.

ಹಾಗಾದರೆ ಓದುವ ಹೆಂಗಸರಿಗೆ ಬೇಕಾದದ್ದು ಕ್ರೌರ್ಯವೇ? ಜಾನಿಸ್ ರಾಡ್ವೇ ಎಂಬ ಅಮೆರಿಕದ ವಿದ್ವಾಂಸೆ ನೇರವಾಗಿ ಕೇಳಿಯೇಬಿಟ್ಟರು! ಉತ್ತರಿಸಿದವರು ಅಮೆರಿಕದ ಒಂದು ಊರಿನ ಪ್ರೇಮಕಾದಂಬರಿ ಓದುಗಿಯರು, 42 ಮಂದಿ. ರಾಡ್ವೇ ಅವರ ಪುಸ್ತಕ ಬಂದದ್ದು 1984ರಲ್ಲಿ.

ನಾಯಕನಲ್ಲಿ ಏನಿರಬೇಕು? ತೋಳ್ಬಲವೇ ಮೊದಲು ಅಂದುಕೊಂಡಿರಾ? ಅಲ್ಲ! ಎದ್ದು ಕಂಡದ್ದು ಬುದ್ಧಿವಂತಿಕೆ, ಮೃದುತನ! ಕಥೆಯಲ್ಲಿ ಇರಲೇಬಾರದ್ದು? ಅತ್ಯಾಚಾರ, ದುಃಖದ ಕೊನೆ!

ಇನ್ನೊಂದು ಕೇಳಿ, ನನಗೆ ಬಲು ಇಷ್ಟವಾದದ್ದು. ಮನೆ, ಮಕ್ಕಳು, ಅಡುಗೆ, ಎಲ್ಲದರ ನಡುವೆ ಈ ಓದು ಆ ಓದುಗಿಯರ ಸ್ವಂತ ಹೊತ್ತು. ಅದನ್ನು ಹಾಳುಮಾಡುವ ಪುಸ್ತಕ ಅವರಿಗೆ ಬೇಡ. ಅದಕ್ಕೇ ಅವರಲ್ಲಿ ಕೆಲವರು ದುಡ್ಡು ಕೊಡುವ ಮುಂಚೆ ಅಂಗಡಿಯಲ್ಲೇ ನಿಂತು ಪುಸ್ತಕ ತೆರೆಯುತ್ತಿದ್ದರು. ಮೊದಲು ಓದುತ್ತಿದ್ದದ್ದು ಯಾವ ಪುಟ, ಊಹಿಸಿ?

ಕೊನೆಯದು!