‘ಕೈರಲ್’ ಎಂದರೇನು?

ಬಲಗೈಯನ್ನು ಕನ್ನಡಿಯ ಮುಂದೆ ಹಿಡಿದರೆ ಅಲ್ಲಿ ಕಾಣುವುದು ಎಡಗೈ. ಆ ಬಿಂಬದಂತೆಯೇ ಒಂದು ಕೈಯನ್ನು ಮೇಣದಲ್ಲಿ ಎರಕಹೊಯ್ದು ಹೇಗೆ ಹೊರಳಿಸಿದರೂ ಅದು ಬಲಗೈಯ ಗವಸಿನೊಳಗೆ ಸರಿಯಾಗಿ ಕೂಡದು. ತನ್ನ ಪ್ರತಿಬಿಂಬದೊಡನೆ ಹೀಗೆ ಒಂದಾಗಲಾರದ ಆಕಾರವನ್ನು ಇಂಗ್ಲಿಷಿನಲ್ಲಿ ‘ಕೈರಲ್’ ಎನ್ನುವರು. ಕೈ ಎಂಬ ಅರ್ಥದ ಗ್ರೀಕ್ ಶಬ್ದದಿಂದ 1893ರಲ್ಲಿ ಈ ಪದವನ್ನು ರಚಿಸಿದವರು ಭೌತವಿಜ್ಞಾನಿ ಲಾರ್ಡ್ ಕೆಲ್ವಿನ್. ನಮ್ಮ ‘ಕೈ’ಗೂ ಅದಕ್ಕೂ ಇರುವ ಧ್ವನಿಸಾಮ್ಯ ಕೇವಲ ಆಕಸ್ಮಿಕ, ಆದರೂ ನೆನಪಿಡಲು ಅನುಕೂಲ!

ಶಂಖಗಳನ್ನು ನಾವು ಎಡಮುರಿ, ಬಲಮುರಿ ಎಂದು ವಿಂಗಡಿಸುತ್ತೇವೆ. ‘ಕೈರಲ್’ ಇವೆರಡರಲ್ಲಿ ಯಾವುದೊಂದರ ಹೆಸರೂ ಅಲ್ಲ. ಎರಡಕ್ಕೂ ಸಮಾನವಾದ ಗುಣವನ್ನು ಹೇಳುವ ಪದ.

ಓರೆಕೋರೆಯಾದುದೆಲ್ಲ ಕೈರಲ್ ಎಂಬ ಗ್ರಹಿಕೆಯನ್ನು ತರಗತಿಗಳಲ್ಲಿ ನಾವು ಮತ್ತೆ ಮತ್ತೆ ಕಂಡಿದ್ದೇವೆ. ಅದು ಸರಿಯಲ್ಲ. ಮೂರು ಬಾಹುಗಳೂ ಅಸಮವಾದ ಕಾಗದದ ತ್ರಿಕೋನವನ್ನು ಕತ್ತರಿಸಿ ಮಗುಚಿ ಹಾಕಿರಿ: ಅದರ ಪ್ರತಿಬಿಂಬವೇ ದೊರೆಯುವುದು. ಆದುದರಿಂದ ಅದು ಕೈರಲ್ ಅಲ್ಲ. (ಮಗುಚದೆ ಮೇಜಿನ ಮೇಲೆಯೇ ಜಾರಿಸಬೇಕೆಂಬ ಕಟ್ಟುಪಾಡಿದ್ದರೆ ಮಾತು ಬೇರೆ.) ಮೂರು ಅಲಗುಗಳ ವಿದ್ಯುತ್ ಫ್ಯಾನನ್ನು 120 ಡಿಗ್ರಿ ತಿರುಗಿಸಿದರೆ ಮೊದಲಿನಂತೆಯೇ ಕಾಣುವುದು, ಅಷ್ಟು ಅಚ್ಚುಕಟ್ಟಾಗಿದ್ದರೂ ಅಲಗುಗಳ ಓರೆಯಿಂದಾಗಿ ಅದು ಕೈರಲ್.

ಈ ಪದಕ್ಕೆ ಹೆಚ್ಚಿನ ಬಳಕೆ ರಸಾಯನಶಾಸ್ತ್ರದಲ್ಲಿ. ಸ್ಪಿಯರ್‌ಮಿಂಟ್ ಜಾತಿಯ ಪುದೀನದ ಪರಿಮಳಕ್ಕೂ ಸಬ್ಬಸಿಗೆ ಬೀಜದ ಪರಿಮಳಕ್ಕೂ ಮುಖ್ಯ ಕಾರಣ ಕಾರ್ವೋನ್ ಎಂಬ ಒಂದೇ ವಸ್ತು. ಎರಡರಲ್ಲಿಯೂ ಅಣುವಿಗೆ 10 ಇಂಗಾಲ, 14 ಜಲಜನಕ, 1 ಆಮ್ಲಜನಕ ಪರಮಾಣುಗಳು; ಅವುಗಳ ಜೋಡಣೆಯ ಕ್ರಮವೂ ಒಂದೇ. ಆದರೆ ಒಂದರ ಅಣು ಇನ್ನೊಂದರ ಪ್ರತಿಬಿಂಬ. ವಾಸನೆಯನ್ನು ಗ್ರಹಿಸುವ ನಮ್ಮ ಮೂಗಿನ ಪ್ರೋಟೀನುಗಳೂ ಕೈರಲ್ ಆದುದರಿಂದ, ಒಂದೇ ಗವಸು ಎರಡು ಕೈಗಳಿಗೂ ಒಪ್ಪದಂತೆ, ಅವು ಈ ಎರಡನ್ನೂ ಒಂದೇ ರೀತಿಯಲ್ಲಿ ಹಿಡಿಯಲಾರವು.