ಹಳದಿಗೆ ಇಳಿಯುವ ಮೇವು

ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನಿಂದ ನೂಲು ಬಿಚ್ಚಿದ ಮೇಲೆ ಉಳಿಯುವ ಪ್ಯೂಪಾ ಮೂಗು ಮುಚ್ಚಿಕೊಳ್ಳುವಷ್ಟು ನಾರುತ್ತದೆ. ಕೋಳಿಗೆ ಮಾತ್ರ ಅದು ಹಬ್ಬದೂಟ. ಒಣಗಿದ ಪ್ಯೂಪಾದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಪ್ರೋಟೀನ್; ಎಣ್ಣೆಯೂ ಧಾರಾಳ. ಆ ಎಣ್ಣೆಯ ಸುಮಾರು ಮೂರನೇ ಒಂದು ಪಾಲು ಆಲ್ಫಾ ಲಿನೋಲೆನಿಕ್ ಆಮ್ಲ, ಅಂದರೆ ಒಮೆಗಾ-3. ಕೋಳಿ ತಿಂದದ್ದರಲ್ಲಿ ಒಂದು ಭಾಗ ಮೊಟ್ಟೆಯ ಹಳದಿಗೆ ಇಳಿಯುತ್ತದೆ.

ಹಾಗೆಂದು ಮೊಟ್ಟೆಯಲ್ಲಿರುವುದೆಲ್ಲ ಮೇವಿನೊಂದಿಗೆ ಬದಲಾಗುವುದಿಲ್ಲ. 50 ಗ್ರಾಂ ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇರುತ್ತದೆ, ಅದು ಫಾರಂನದ್ದಾಗಲಿ ಹಿತ್ತಲಿನದ್ದಾಗಲಿ. ಬದಲಾಗುವುದು ಹಳದಿಯ ಕೊಬ್ಬಿನ ಬಗೆ, ಮತ್ತು ಆ ಕೊಬ್ಬಿನಲ್ಲಿ ಕರಗಿರುವ ಎ, ಡಿ, ಇ ಜೀವಸತ್ವಗಳು.

ಈ ಬದಲಾವಣೆ ಸಣ್ಣದಲ್ಲ. ಗ್ರೀಸ್‌ನ ಹಳ್ಳಿಯಲ್ಲಿ ಹುಲ್ಲು, ಹುಳ ಹೆಕ್ಕಿ ಬೆಳೆದ ಕೋಳಿಗಳ ಮೊಟ್ಟೆಯನ್ನು ಅಮೆರಿಕದ ಅಂಗಡಿ ಮೊಟ್ಟೆಯೊಂದಿಗೆ ಹೋಲಿಸಿದ ವರದಿ 1989ರಲ್ಲಿ ಬಂತು. ಒಮೆಗಾ-3ರ ಒಂದು ಪಾಲಿಗೆ ಒಮೆಗಾ-6 ಅಂಗಡಿ ಮೊಟ್ಟೆಯಲ್ಲಿ 19 ಪಾಲಿನಷ್ಟಿತ್ತು. ಹಳ್ಳಿಯದ್ದರಲ್ಲಿ ಎರಡು ಪಾಲೂ ಇರಲಿಲ್ಲ. 2010ರಲ್ಲಿ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದವರು ಹುಲ್ಲುಗಾವಲಿನ ಕೋಳಿಗಳ ಮೊಟ್ಟೆಯಲ್ಲಿ ಇ ಜೀವಸತ್ವ ಇಮ್ಮಡಿಯಷ್ಟಿರುವುದನ್ನು ಕಂಡರು.

ಡಿ ಜೀವಸತ್ವಕ್ಕೆ ಬಿಸಿಲು ಬೇಕು. ಪುಕ್ಕವಿಲ್ಲದ ಕಾಲಿನ ಚರ್ಮದಲ್ಲಿ ಕೋಳಿ ಅದನ್ನು ತಯಾರಿಸಿಕೊಳ್ಳುತ್ತದೆ. 2014ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನದಲ್ಲಿ ಹೊರಗೆ ಅಡ್ಡಾಡಿದ ಕೋಳಿಗಳ ಹಳದಿಯಲ್ಲಿ ಅದು ಮೂರು-ನಾಲ್ಕು ಪಟ್ಟು ಹೆಚ್ಚಿತ್ತು.

ಸಂತೆಯಲ್ಲಿ ಜನ ನೋಡುವುದು ಬಣ್ಣವನ್ನೇ. ಚಿಪ್ಪಿನ ಕಂದು ಬಣ್ಣ ತಳಿಯದ್ದು, ಪೌಷ್ಟಿಕತೆಗೂ ಅದಕ್ಕೂ ಸಂಬಂಧವಿಲ್ಲ. ಹಳದಿಯ ಕಡುಬಣ್ಣ ಸೊಪ್ಪಿನಿಂದಲೂ ಬರಬಹುದು, ಫಾರಂ ಮೇವಿಗೆ ಬೆರೆಸಿದ ಚೆಂಡುಹೂವಿನ ಸಾರದಿಂದಲೂ ಬರಬಹುದು. ರಾಗಿಯನ್ನಷ್ಟೇ ತಿಂದ ನಾಟಿಕೋಳಿಯ ಹಳದಿ ಪೇಲವವಾಗಿರುತ್ತದೆ.

ಪ್ರೋಟೀನಿಗಾಗಿ ಮೊಟ್ಟೆ ಕೊಳ್ಳುವವರು ನಾಟಿ ಮೊಟ್ಟೆಗೆ ಹೆಚ್ಚು ದುಡ್ಡು ಕೊಡಬೇಕಿಲ್ಲ. ಅದಕ್ಕಿಂತ ಹೆಚ್ಚಿನದನ್ನು ಬಯಸುವವರು ಕೋಳಿ ಏನು ತಿನ್ನುತ್ತದೆ, ಬಿಸಿಲಿಗೆ ಬರುತ್ತದೆಯೇ ಎಂದು ಕೇಳಿ ಕೊಳ್ಳಲಿ. ಹಿತ್ತಲಲ್ಲಿ ಕೋಳಿ ಸಾಕುವವರು ಪ್ಯೂಪಾವನ್ನು ಚೆನ್ನಾಗಿ ಒಣಗಿಸಿ, ಮೇವಿನೊಂದಿಗೆ ಸ್ವಲ್ಪವೇ ಬೆರೆಸಲಿ. ಎಣ್ಣೆ ತೆಗೆದ ಪ್ಯೂಪಾದಲ್ಲಿ ಪ್ರೋಟೀನ್ ಉಳಿದರೂ ಒಮೆಗಾ-3 ಬಹುಪಾಲು ಎಣ್ಣೆಯ ಜೊತೆಗೇ ಹೋಗಿರುತ್ತದೆ. ಹಿಪ್ಪುನೇರಳೆ ಸೊಪ್ಪೂ ಒಳ್ಳೆಯದೇ. ಆದರೆ ಔಷಧಿ ಹೊಡೆದ ತೋಟಕ್ಕೆ ಕೋಳಿಗಳನ್ನು ಬಿಡಬೇಡಿ.